ಕಲಬುರಗಿಯಲ್ಲಿ ಹೊಸ ಮನೆಗೆ ಎ.ಸಿ. ಮತ್ತು ಬಿಸಿನೀರಿನ ವ್ಯವಸ್ಥೆ: ಕೆಲಸವನ್ನು ಯಾರಿಗೆ ವಹಿಸಬೇಕು?

ಪ್ರಶ್ನೆ: ಸೇಡಂ ರಸ್ತೆ ನಿವಾಸಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಸೇಡಂ ರಸ್ತೆಯ ಕಡೆ ನಮ್ಮ ಮನೆಯ ಕೆಲಸ ನಡೆದಿದೆ. ಕೆಳಗೆ ಪಡಸಾಲೆ, ಅಡುಗೆಮನೆ ಮತ್ತು ತಂದೆ-ತಾಯಿಯವರ ಕೋಣೆ ಇವೆ. ಮೇಲೆ ಎರಡು ಮಲಗುವ ಕೋಣೆಗಳಿವೆ. ಎರಡೂ ಸ್ಲ್ಯಾಬ್ ಮುಗಿದಿದ್ದು, ದೀಪಾವಳಿಯ ನಂತರ ಒಳಗಿನ ಗಿಲಾವು ಆರಂಭಿಸುವುದಾಗಿ ಗೌಂಡಿಯವರು ಹೇಳಿದ್ದಾರೆ. ಅದಕ್ಕೂ ಮುಂಚೆ ಮೂರು ಕೋಣೆಗಳ ಎ.ಸಿ. ಮತ್ತು ಎರಡು ಬಚ್ಚಲುಮನೆಗಳ ಬಿಸಿನೀರಿನ ಕೆಲಸವನ್ನು ಯಾರಿಗೆ ವಹಿಸಬೇಕೆಂದು ನಾವು ತೀರ್ಮಾನಿಸಬೇಕಾಗಿದೆ. ಪೈಪು ಮತ್ತು ವೈರಿನ ದಾರಿಯನ್ನು ಈಗಲೇ ಕೊರೆಯದಿದ್ದರೆ ಆಮೇಲೆ ಹೊಸ ಗಿಲಾವನ್ನೇ ಒಡೆಯಬೇಕಾಗುತ್ತದೆ.

ಮೂವರಿಂದ ಕೊಟೇಶನ್ ಪಡೆದಿದ್ದೇನೆ. ಒಬ್ಬರು ದೊಡ್ಡ ಅಂಗಡಿಯವರು. ಫೋನಿನಲ್ಲಿಯೇ ಕೋಣೆಗಳ ಸಂಖ್ಯೆ ಕೇಳಿ, ಮೂರಕ್ಕೂ ಒಂದೂವರೆ ಟನ್ನಿನ ಯಂತ್ರ ಸಾಕು, ಜೋಡಣೆ ಉಚಿತ ಎಂದರು. ಇನ್ನೊಬ್ಬರು ಸ್ವಂತವಾಗಿ ಕೆಲಸ ಹಿಡಿಯುವ ಮೆಕ್ಯಾನಿಕ್; ಮನೆಗೆ ಬಂದು ಟೇಪು ಹಿಡಿದು ಕೋಣೆಗಳನ್ನು ಅಳೆದರು, ಮಾಳಿಗೆ ಹತ್ತಿದರು, ಪಶ್ಚಿಮದ ಗೋಡೆ ಯಾವುದೆಂದು ಕೇಳಿದರು, ಮತ್ತು ಕೆಳಗಿನ ಕೋಣೆಗೆ ಒಂದು ಟನ್ ಸಾಕೆಂದೂ ಮೇಲಿನ ಎರಡಕ್ಕೆ ಒಂದೂವರೆ ಟನ್ ಬೇಕೆಂದೂ ಬರೆದುಕೊಟ್ಟರು. ಆದರೆ ಜೋಡಣೆಗೆಂದು ಅವರು ಕೇಳುತ್ತಿರುವ ಹಣ ಉಳಿದಿಬ್ಬರಿಗಿಂತ ಬಹಳ ಹೆಚ್ಚು. ಮೂರನೆಯವರು ನಮ್ಮ ಮನೆಯ ವೈರಿಂಗ್ ಮಾಡುತ್ತಿರುವವರೇ; ಎ.ಸಿ., ಗೀಜರ್, ಬಿಸಿನೀರಿನ ಸೋಲಾರ್ ಎಲ್ಲವನ್ನೂ ಒಟ್ಟಿಗೆ ಕಡಿಮೆ ದರದಲ್ಲಿ ಮುಗಿಸಿಕೊಡುವುದಾಗಿ ಹೇಳುತ್ತಾರೆ.

ನನ್ನ ತಂದೆಯವರಿಗೆ ಉಸಿರಾಟದ ತೊಂದರೆಯಿದ್ದು, ಏಪ್ರಿಲ್ ಮತ್ತು ಮೇ ತಿಂಗಳ ಧಗೆಯನ್ನು ಅವರು ತಡೆಯಲಾರರು. ಆದ್ದರಿಂದ ಇದು ನಮಗೆ ಸೌಕರ್ಯದ ಮಾತಲ್ಲ. ಹೆಚ್ಚು ಹಣ ಕೇಳುತ್ತಿರುವವರ ಕೆಲಸದಲ್ಲಿ ಆ ಹಣಕ್ಕೆ ತಕ್ಕ ವ್ಯತ್ಯಾಸ ನಿಜಕ್ಕೂ ಇರುತ್ತದೆಯೇ, ಇದ್ದರೆ ಅದನ್ನು ನಮ್ಮಂಥವರು ಗುರುತಿಸುವುದು ಹೇಗೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಎ.ಸಿ. ಮೆಕ್ಯಾನಿಕ್, ಕಲಬುರಗಿ

ಮಾನ್ಯರೇ, ನಾನು ಇದೇ ಊರಿನಲ್ಲಿ ಇದೇ ಕೆಲಸ ಮಾಡುವವನು. ತಾವು ಹೇಳಿದ ಮೂವರಲ್ಲಿ ನಾನಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಒಂದು ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು. ಶಾಖವನ್ನು, ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖವನ್ನು ಕೋಣೆಯಿಂದ ಹೊರಹಾಕುವ ಶಕ್ತಿ. ಈ ಅಂಕಿಯನ್ನು ಹೊರಗಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ಇರುವಾಗ ಪರೀಕ್ಷಿಸಿ ಯಂತ್ರದ ಮೇಲೆ ನಮೂದಿಸುತ್ತಾರೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುವುದು ಸಾಮಾನ್ಯ. ಬಿಸಿಲಿಗೆ ಕಾದ ಮಾಳಿಗೆಯ ಮೇಲಿನ ಗಾಳಿ ಅದಕ್ಕಿಂತಲೂ ಬಿಸಿಯಾಗಿರುತ್ತದೆ. ಹೊರಗಿನ ಗಾಳಿ ಬಿಸಿಯಾದಷ್ಟೂ ಯಂತ್ರ ಕೊಡುವ ತಂಪು ಕಡಿಮೆಯಾಗಿ, ಎಳೆಯುವ ವಿದ್ಯುತ್ ಹೆಚ್ಚುತ್ತದೆ. ಹೀಗಿರುವಾಗ ಮನೆಯನ್ನು ನೋಡದೆ ಟನ್ನು ಹೇಳುವವರ ಲೆಕ್ಕ ಬೆಂಗಳೂರಿಗೆ ಸರಿಹೋದೀತು, ಕಲಬುರಗಿಗೆ ಸರಿಹೋಗುವುದಿಲ್ಲ. ಕೆಳಗಿನ ಕೋಣೆಯ ತಲೆಯ ಮೇಲೆ ಇನ್ನೊಂದು ಕೋಣೆಯ ನೆರಳಿದೆ. ಮೇಲಿನ ಕೋಣೆಗಳ ತಲೆಯ ಮೇಲೆ ಇಡೀ ದಿನ ಕಾಯುವ ಸ್ಲ್ಯಾಬ್ ಇದೆ. ಎರಡನೆಯವರು ಎರಡಕ್ಕೂ ಬೇರೆ ಬೇರೆ ಯಂತ್ರ ಸೂಚಿಸಿದ್ದು ಆ ಕಾರಣಕ್ಕೇ.

ಅವರು ಹೊರಗಿನ ಘಟಕವನ್ನು ಎಲ್ಲಿ ಇಡುತ್ತಾರೆಂದು ಕೇಳಿರಿ. ಉತ್ತರದ ಅಥವಾ ಪೂರ್ವದ ಗೋಡೆಯನ್ನು, ಗಾಳಿ ಸರಾಗವಾಗಿ ಆಡುವ ಜಾಗವನ್ನು ತೋರಿಸಿದರೆ ಒಳ್ಳೆಯದು. ಎರಡು ಮನೆಗಳ ನಡುವಿನ ಕಿರಿದಾದ ಸಂದಿಯಲ್ಲಿ ಎದುರುಬದುರಾಗಿ ಘಟಕಗಳನ್ನು ತೂಗುಹಾಕಿದರೆ ಒಂದು ಉಗುಳಿದ ಬಿಸಿಗಾಳಿಯನ್ನೇ ಇನ್ನೊಂದು ಮತ್ತೆ ಎಳೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಕಂಪ್ರೆಸರ್ ತಾನಾಗಿ ನಿಂತುಹೋಗುತ್ತದೆಂದು ನಮಗೆ ಬರುವ ಕರೆಗಳಲ್ಲಿ ಬಹುಪಾಲು ಇಂಥ ಜಾಗಗಳಿಂದಲೇ ಬರುತ್ತವೆ. ಬಿಸಿಲು ತಪ್ಪಿಸಲೆಂದು ತಗಡಿನ ಪೆಟ್ಟಿಗೆಯಲ್ಲಿ ಕೂಡಿಹಾಕುವುದೂ ಅಷ್ಟೇ ಹಾನಿಕರ.

ಇನ್ನು ಜೋಡಣೆಯ ಹಣದ ಮಾತು. ಒಳಗಿನ ಮತ್ತು ಹೊರಗಿನ ಘಟಕಗಳನ್ನು ಕೂಡಿಸುವ ತಾಮ್ರದ ಪೈಪಿನೊಳಗೆ ಮೊದಲು ಇರುವುದು ನಮ್ಮ ಊರಿನ ಗಾಳಿ ಮತ್ತು ಅದರಲ್ಲಿನ ತೇವ. ಆ ಎರಡನ್ನೂ ಪೂರ್ತಿ ಹೊರತೆಗೆದ ಮೇಲೆಯೇ ತಂಪು ಮಾಡುವ ಗ್ಯಾಸು ಬಿಡಬೇಕು. ಅವಸರದವರು ಹೊರಗಿನ ಘಟಕದ ಗ್ಯಾಸನ್ನು ಸ್ವಲ್ಪ ಬಿಟ್ಟು, ಅದು ಗಾಳಿಯನ್ನು ತಳ್ಳಿಕೊಂಡು ಹೋಯಿತೆಂದು ನಂಬಿಸಿ, ನಟ್ಟು ಬಿಗಿದು ಹೋಗುತ್ತಾರೆ. ಅದಕ್ಕೆ ಒಂದು ನಿಮಿಷವೂ ಬೇಡ. ಒಳಗೆ ಉಳಿದ ತೇವ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ, ಉಳಿದ ಗಾಳಿ ಒತ್ತಡವನ್ನು ಏರಿಸುತ್ತದೆ. ಮೊದಲ ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಮೂರನೆಯ ಬೇಸಿಗೆಯ ಹೊತ್ತಿಗೆ ಕಂಪ್ರೆಸರ್ ಸೋಲುತ್ತದೆ. ಈಗಿನ ಬಹಳಷ್ಟು ಯಂತ್ರಗಳಲ್ಲಿರುವ ಆರ್-32 ಗ್ಯಾಸು ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣದ್ದು ಎಂಬುದರಿಂದ, ಅದನ್ನು ಹೀಗೆ ಕೋಣೆಯಲ್ಲಿ ಬಿಡುವುದು ಸುರಕ್ಷಿತವೂ ಅಲ್ಲ.

ಸರಿಯಾಗಿ ಮಾಡುವವರು ಏನು ಮಾಡುತ್ತಾರೆಂದು ತಾವು ಕಣ್ಣಾರೆ ನೋಡಬಹುದು. ಪೈಪನ್ನು ಗರಗಸದಿಂದಲ್ಲ, ಕಟರಿನಿಂದ ಕತ್ತರಿಸುತ್ತಾರೆ. ತುದಿಯನ್ನು ಕೆಳಮುಖವಾಗಿ ಹಿಡಿದು ಕತ್ತರಿಸುವಾಗ ಒಳಗಂಚಿನಲ್ಲಿ ಎದ್ದ ಚೂಪನ್ನು ಕೆರೆಯುತ್ತಾರೆ, ತಾಮ್ರದ ಪುಡಿ ಒಳಗೆ ಬೀಳಬಾರದೆಂದು. ಆಮೇಲೆ ಫ್ಲೇರ್ ಮಾಡಿ, ಅಂದರೆ ತುದಿಯ ಬಾಯಿಯನ್ನು ಅಗಲಿಸಿ, ಅಂಚು ಸೀಳಿಲ್ಲದೆ ಕನ್ನಡಿಯಂತೆ ನುಣುಪಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಒಂದು ಹನಿ ಎಣ್ಣೆ ಹಚ್ಚಿ ನಟ್ಟು ಕೂಡಿಸುತ್ತಾರೆ. ಮುಂದೆ ನೈಟ್ರೋಜನ್ ತುಂಬಿ, ಪ್ರತಿ ಕೀಲಿಗೂ ಸಾಬೂನಿನ ನೊರೆ ಹಚ್ಚಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುವುದಿಲ್ಲವೆಂದು ಖಚಿತಪಡಿಸಿಕೊಂಡು, ನಂತರ ವ್ಯಾಕ್ಯೂಮ್ ಪಂಪು ಹಚ್ಚುತ್ತಾರೆ. ಪಂಪು ಒಳಗಿನ ಒತ್ತಡವನ್ನು 500 ಮೈಕ್ರಾನಿಗಿಂತ (ಅತಿ ಕಡಿಮೆ ಒತ್ತಡವನ್ನು ಅಳೆಯುವ ಮಾನ) ಕೆಳಕ್ಕೆ ಎಳೆದ ಮೇಲೆ ಅದನ್ನು ನಿಲ್ಲಿಸಿ, ಅಂಕಿ ಹೆಚ್ಚು ಏರದೆ ನಿಂತಿತೇ ಎಂದು ಕಾಯುತ್ತಾರೆ. ಒಂದು ಯಂತ್ರಕ್ಕೆ ಅರ್ಧ ದಿನ ಹಿಡಿದರೂ ಅದು ಹೆಚ್ಚಲ್ಲ. ತಾವು ಕೊಡುವ ಹೆಚ್ಚಿನ ಹಣ ಈ ಹೊತ್ತಿಗೆ ಮತ್ತು ಈ ಸಲಕರಣೆಗೆ ಸಲ್ಲುತ್ತದೆ. ಮೂವರನ್ನೂ ಒಂದೇ ಮಾತು ಕೇಳಿರಿ: ನಿಮ್ಮ ವ್ಯಾಕ್ಯೂಮ್ ಪಂಪು ಮತ್ತು ಮೈಕ್ರಾನ್ ಮೀಟರನ್ನು ತೋರಿಸುವಿರಾ? ತೋರಿಸದವರಿಗೆ, ಹೊಸ ಯಂತ್ರಕ್ಕೆ ಅದರ ಅಗತ್ಯವಿಲ್ಲ ಎನ್ನುವವರಿಗೆ, ಕೆಲಸ ಕೊಡಬೇಡಿರಿ.

ಉತ್ತರ: ನಿವೃತ್ತ ವಿದ್ಯುತ್ ಎಂಜಿನಿಯರ್

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಯಂತ್ರ ಎಷ್ಟೇ ಚೆನ್ನಾಗಿ ಜೋಡಣೆಯಾದರೂ ಅದಕ್ಕೆ ಬರುವ ವಿದ್ಯುತ್ ಸರಿಯಿಲ್ಲದಿದ್ದರೆ ಆ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ತಮ್ಮ ಮೂರನೆಯ ಗುತ್ತಿಗೆದಾರರಿಗೂ ಇಲ್ಲಿ ಒಂದು ಪಾತ್ರವಿದೆ, ಎ.ಸಿ.ಯನ್ನು ಅವರ ಕೈಗೆ ಕೊಡದಿದ್ದರೂ ಅದರ ಲೈನನ್ನು ಅವರೇ ಎಳೆಯಬೇಕಾಗುತ್ತದೆ. ಅವರು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರೇ ಅಥವಾ ಅಂಥವರ ಕೈಕೆಳಗೆ ಕೆಲಸ ಮಾಡುವವರೇ ಎಂದು ಮೊದಲು ವಿಚಾರಿಸಿರಿ.

ಮೂರು ಎ.ಸಿ. ಮತ್ತು ಒಂದು ಗೀಜರ್ ಒಟ್ಟಿಗೆ ಓಡುವ ಸಂಜೆ ಬರುತ್ತದೆ. ಒಂದೂವರೆ ಟನ್ನಿನ ಯಂತ್ರ ಪೂರ್ತಿ ಓಡುವಾಗ ಒಂದೂವರೆ ಕಿಲೋವ್ಯಾಟಿನ ಆಸುಪಾಸು ಎಳೆಯುತ್ತದೆ, ಗೀಜರ್ ಸಾಮಾನ್ಯವಾಗಿ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಇವುಗಳ ಜೊತೆಗೆ ಪಂಪು, ಫ್ರಿಜ್, ಮಿಕ್ಸರ್ ಎಲ್ಲವನ್ನೂ ಕೂಡಿಸಿ, ವಿದ್ಯುತ್ ಪೂರೈಸುವ ಜೆಸ್ಕಾಂನಲ್ಲಿ ಮಂಜೂರಾದ ಲೋಡು ಅದಕ್ಕೆ ತಕ್ಕಂತಿದೆಯೇ ಎಂದು ನೋಡಬೇಕು. ನನ್ನ ಅಭಿಪ್ರಾಯದಲ್ಲಿ ತಾವು ಮೂರು ಫೇಸ್ ಸಂಪರ್ಕ (ಮೂರು ವಿದ್ಯುತ್ ತಂತಿಗಳ ಸಂಪರ್ಕ) ಪಡೆದು, ಎ.ಸಿ.ಗಳನ್ನು ಮೂರು ಫೇಸಿಗೂ ಹಂಚುವುದು ಸೂಕ್ತ. ಪ್ರತಿ ಎ.ಸಿ.ಗೆ ಮನೆಯ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಡಿ.ಬಿ.ಯಿಂದಲೇ ಪ್ರತ್ಯೇಕ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಲೋಡು ಮೀರಿದರೆ ತಾನಾಗಿ ಆರುವ ತನ್ನದೇ ಎಂ.ಸಿ.ಬಿ. ಸ್ವಿಚ್ಚು ಇರಬೇಕು, ಪ್ಲಗ್ಗಿನಿಂದ ಪ್ಲಗ್ಗಿಗೆ ಜೋಡಿಸಿಕೊಂಡು ಹೋಗುವ ಪದ್ಧತಿಯನ್ನು ಖಂಡಿತ ಒಪ್ಪಬಾರದು. ಗೀಜರಿನ ಲೈನಿಗೆ ವಿದ್ಯುತ್ ಸೋರಿದೊಡನೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು, ಏಕೆಂದರೆ ಅಲ್ಲಿ ನೀರು ಮತ್ತು ವಿದ್ಯುತ್ ಒಂದೇ ಡಬ್ಬಿಯಲ್ಲಿವೆ.

ನಮ್ಮ ಭಾಗದ ಒಂದು ವಿಷಯವನ್ನು ಹೊರಗಿನಿಂದ ಬಂದ ಗುತ್ತಿಗೆದಾರರು ಗಮನಿಸುವುದಿಲ್ಲ. ಇಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ತೇವ ಹಿಡಿದು ಒಳ್ಳೆಯ ಅರ್ಥಿಂಗ್ (ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಕೊಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟಾಗ, ಅರ್ಥಿಂಗಿನ ತಗಡಿಗೂ ಮಣ್ಣಿಗೂ ನಡುವೆ ಟೊಳ್ಳಾಗಿ ರೋಧ ಏರುತ್ತದೆ. ಎ.ಸಿ. ಹೆಚ್ಚು ಓಡುವುದು ಅದೇ ತಿಂಗಳುಗಳಲ್ಲಿ. ಆದ್ದರಿಂದ ಅರ್ಥಿಂಗಿನ ಗುಂಡಿಗೆ ನೀರು ಹಾಕಲು ಕೊಳವೆ ಬಿಡಿಸಿರಿ, ಅದರ ಅಳತೆಯನ್ನು ಮಳೆ ಬಿದ್ದ ಮರುದಿನ ತೆಗೆದುಕೊಟ್ಟರೆ ಒಪ್ಪಬೇಡಿರಿ, ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಯುವುದಾಗಿ ಬರೆಸಿಕೊಳ್ಳಿರಿ.

ಖರ್ಚಿನ ದೃಷ್ಟಿಯಿಂದ ಇನ್ನೊಂದು ಮಾತು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕಾಗುತ್ತದೆ. ಮೂರು ಎ.ಸಿ. ಇರುವ ಮನೆ ಬೇಸಿಗೆಯಲ್ಲಿ ಅದನ್ನು ಮೀರುವುದು ಖಚಿತವಾದ್ದರಿಂದ, ಯಂತ್ರದ ಸ್ಟಾರ್ ಚೀಟಿಯ ಮೇಲಿರುವ ವಾರ್ಷಿಕ ಯೂನಿಟ್ಟಿನ ಅಂಕಿಯನ್ನು ಓದಿಯೇ ಕೊಳ್ಳಿರಿ.

ಉತ್ತರ: ಶಹಾಬಾದ್ ಗೃಹಿಣಿ

ಹಿರಿಯರಿಬ್ಬರೂ ಹೇಳಿದ್ದು ಸರಿ. ಆದರೆ ಮನೆಗೆ ಬಂದ ಗುತ್ತಿಗೆದಾರರು ಯಂತ್ರದ ಮಾತಿಗೂ ಮೊದಲು ಛತ್ತಿನ ಮಾತು ಆಡಿದರೇ ಎಂದು ನಾನು ಕೇಳಬಯಸುತ್ತೇನೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ದಪ್ಪ ಗೋಡೆ, ದಪ್ಪ ಮಾಳಿಗೆ ಇದ್ದುದರಿಂದ ಮಧ್ಯಾಹ್ನದಲ್ಲಿಯೂ ಒಳಗೆ ಕೂರಲು ಆಗುತ್ತಿತ್ತು. ಈಗಿನ ಆರ್.ಸಿ.ಸಿ. ಸ್ಲ್ಯಾಬ್ ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿಯೆಲ್ಲ ಕೋಣೆಯೊಳಗೆ ಬಿಡುತ್ತದೆ. ನಮ್ಮ ಮನೆಯಲ್ಲಿ ಛತ್ತಿನ ಮೇಲೆ ಬಿಳಿಯ ಬಣ್ಣ ಹೊಡೆಸಿದ ಮೇಲೆ ಮೇಲಿನ ಕೋಣೆಯ ಕಾವು ಬರಿಗೈಗೆ ತಿಳಿಯುವಷ್ಟು ಇಳಿಯಿತು. ಸುಣ್ಣವಾದರೂ ಆದೀತು, ಆದರೆ ಮಳೆಗಾಲದ ನಂತರ ಪ್ರತಿವರ್ಷ ಮತ್ತೆ ಹೊಡೆಯಬೇಕು.

ಇನ್ನೊಂದು: ನಮ್ಮ ಏಪ್ರಿಲ್ ಮತ್ತು ಮೇ ಒಣ ಬಿಸಿಲಿನವು. ಒಣ ಗಾಳಿಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಕಿಟಕಿ ತೆರೆದಿರುವುದರಿಂದ ಹೊಸ ಗಾಳಿಯೂ ಬರುತ್ತದೆ. ಮಳೆ ಆರಂಭವಾಗಿ ಗಾಳಿಯಲ್ಲಿ ತೇವ ಸೇರಿದ ಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲ. ಪಡಸಾಲೆಗೆ ಕೂಲರಿಗೆಂದೇ ಒಂದು ಕಿಟಕಿ, ಒಂದು ನಲ್ಲಿ, ಒಂದು ಪ್ಲಗ್ಗು ಬಿಡಿಸಿಕೊಳ್ಳಿರಿ. ತಂದೆಯವರಿಗೆ ಉಸಿರಾಟದ ತೊಂದರೆ ಇದೆ ಎಂದಿದ್ದೀರಿ. ಅವರ ಕೋಣೆಗೆ ಯಾವುದು ತಕ್ಕದ್ದೆಂದು ಅವರ ವೈದ್ಯರನ್ನೇ ಕೇಳುವುದು ಒಳ್ಳೆಯದು, ಏಕೆಂದರೆ ಕೂಲರಿನ ಹುಲ್ಲು ಮತ್ತು ನೀರನ್ನು ಸ್ವಚ್ಛವಾಗಿಡದಿದ್ದರೆ ಬೂಸಲು ಹಿಡಿಯುತ್ತದೆ.

ಹಣ ಕೊಡುವ ವಿಷಯದಲ್ಲಿ ಬಹಳ ಎಚ್ಚರ ವಹಿಸಿರಿ. ನಮ್ಮ ಮನೆಯಲ್ಲಿ ಎ.ಸಿ. ಜೋಡಿಸಿದವರು ನೀರು ಹೊರಹೋಗುವ ಪೈಪಿಗೆ ಇಳಿಜಾರು ಕೊಟ್ಟಿರಲಿಲ್ಲ. ಬೇಸಿಗೆಯ ಒಣ ಹವೆಯಲ್ಲಿ ನೀರು ಕಡಿಮೆ ಬೀಳುವುದರಿಂದ ದೋಷ ಕಾಣಲಿಲ್ಲ; ಜುಲೈನಲ್ಲಿ ಒಳಗಿನ ಘಟಕದ ಕೆಳಗೆ ಗೋಡೆ ನೆನೆದು, ಬಣ್ಣ ಹಪ್ಪಳದ ಹಾಗೆ ಎದ್ದಿತು. ಅಷ್ಟರಲ್ಲಿ ಪೂರ್ತಿ ಹಣ ಸಂದಾಯವಾಗಿತ್ತು, ಅವರು ಫೋನು ಎತ್ತುವುದನ್ನೇ ನಿಲ್ಲಿಸಿದರು. ಜೋಡಣೆ ಮುಗಿದ ದಿನ ಒಳಗಿನ ಘಟಕದ ತಟ್ಟೆಗೆ ಒಂದು ತಂಬಿಗೆ ನೀರು ಹುಯ್ಯಿಸಿ, ಅದೆಲ್ಲ ಹೊರಗಿನ ತುದಿಯಲ್ಲಿ ಬೀಳುವುದನ್ನು ನಿಂತು ನೋಡಿದ ಮೇಲೆಯೇ ಉಳಿದ ಹಣ ಕೊಡಿರಿ.

ಉತ್ತರ: ಬೀದರ್ ವಾಸಿ

ಎಲ್ಲರೂ ತಂಪಿನ ಬಗ್ಗೆಯೇ ಬರೆದಿದ್ದಾರೆ. ಬಿಸಿನೀರಿನ ಬಗ್ಗೆ ನಾನು ಬರೆಯುತ್ತೇನೆ. ಬೀದರಿನಲ್ಲಿ ಚಳಿಗಾಲದ ಬೆಳಗು ಕಲಬುರಗಿಗಿಂತ ಹೆಚ್ಚು ತಣ್ಣಗಿರುವುದರಿಂದ ನಮಗೆ ಇದರ ಅಗತ್ಯ ಹೆಚ್ಚು.

ಮೊದಲು ತಮ್ಮ ನೀರನ್ನು ಪರೀಕ್ಷಿಸಿರಿ. ಬೋರಿನ ಗಡಸು ನೀರಾದರೆ ಗೀಜರಿನ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಸೋಲಾರಿನಲ್ಲಿ ತಾಮ್ರದ ಸಣ್ಣ ಕೊಳವೆಗಳಿರುವ ಚಪ್ಪಟೆ ಫಲಕದ ಮಾದರಿ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಕೊಳವೆಯ ಮಾದರಿ ಗಡಸು ನೀರನ್ನು ಹೆಚ್ಚು ತಾಳಿಕೊಳ್ಳುತ್ತದೆ ಮತ್ತು ತೊಳೆಯುವುದೂ ಸುಲಭ. ನಿಮ್ಮ ಮನೆಗೆ ಬರುವುದು ಯಾವ ನೀರು ಎಂದು ಕೇಳದೆಯೇ ಮಾದರಿ ಹೇಳುವವರನ್ನು ನಾನಾದರೆ ಅಲ್ಲಿಯೇ ಬಿಡುತ್ತೇನೆ.

ಗೌಂಡಿಯವರು ಇನ್ನೂ ಕೆಲಸದಲ್ಲಿರುವಾಗಲೇ ಮುಗಿಯಬೇಕಾದ ಒಂದು ಕೆಲಸವಿದೆ. ಪಂಪಿನ ಒತ್ತಡವಿಲ್ಲದ ಸಾಮಾನ್ಯ ಸೋಲಾರಿನಲ್ಲಿ ತಣ್ಣೀರಿನ ಟ್ಯಾಂಕಿನ ತಳವು ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಬಿಸಿನೀರಿನ ಟ್ಯಾಂಕು ತುಂಬುವುದೇ ಇಲ್ಲ. ಅಂದರೆ ಟ್ಯಾಂಕಿನ ಕಟ್ಟೆಯ ಎತ್ತರವನ್ನು ಸೋಲಾರಿನವರನ್ನು ಕರೆಸಿ, ಅಳತೆ ಹೇಳಿಸಿ, ಆಮೇಲೆ ಕಟ್ಟಿಸಬೇಕು. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆ ಹೋಗುವ ಗಾಳಿ ಕೊಳವೆ ತಣ್ಣೀರಿನ ಟ್ಯಾಂಕಿಗಿಂತಲೂ ಎತ್ತರಕ್ಕೆ ಹೋಗಿ ಬಾಯಿ ತೆರೆದೇ ಇರಬೇಕು. ನೀರು ಚೆಲ್ಲುತ್ತದೆಂದು ಅದಕ್ಕೆ ಬಿರಡೆ ಹಾಕಿದರೆ ಹಬೆಯ ಒತ್ತಡಕ್ಕೆ ಟ್ಯಾಂಕು ಹಾಳಾಗುತ್ತದೆ. ಫಲಕ ದಕ್ಷಿಣಕ್ಕೆ ಮುಖಮಾಡಿರಬೇಕು, ಅದರ ಮೇಲೆ ಟ್ಯಾಂಕಿನ ನೆರಳು ಬೀಳಬಾರದು. ಬಿಸಿನೀರಿನ ಲೈನು ಬಿಸಿ ತಾಳುವ ಸಿ.ಪಿ.ವಿ.ಸಿ. ಪ್ಲಾಸ್ಟಿಕ್ಕಿನದ್ದಾಗಿರಲಿ, ಟ್ಯಾಂಕಿನಿಂದ ಬಚ್ಚಲಿಗೆ ಆದಷ್ಟು ಹತ್ತಿರದ ದಾರಿಯಲ್ಲಿ ಇಳಿಯಲಿ; ದಾರಿ ಉದ್ದವಾದಷ್ಟೂ ಪ್ರತಿ ಸಲ ಬಕೆಟ್ಟುಗಟ್ಟಲೆ ತಣ್ಣೀರು ಬಿಟ್ಟ ಮೇಲೆ ಬಿಸಿನೀರು ಬರುತ್ತದೆ. ಮೋಡದ ದಿನಗಳಿಗೆ ಕೆಳಗಿನ ಬಚ್ಚಲಿನಲ್ಲಿ ಒಂದು ಗೀಜರ್ ಇದ್ದರೆ ಸಾಕು.

ಪ್ರಶ್ನೆ ಕೇಳಿದವರು: ಸೇಡಂ ರಸ್ತೆ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮೆಕ್ಯಾನಿಕ್ ಅವರು ಹೇಳಿದ ಮಾತನ್ನೇ ಮೂವರಿಗೂ ಕೇಳಿದೆ. ಅಂಗಡಿಯವರು, ಜೋಡಣೆಗೆ ಬೇರೆಯವರನ್ನು ಕಳಿಸುತ್ತೇವೆ, ಅವರ ಬಳಿ ಏನಿದೆಯೋ ಅದು, ಎಂದರು. ವೈರಿಂಗಿನವರು ಪಂಪು ಬಾಡಿಗೆಗೆ ತರುವುದಾಗಿ ಹೇಳಿದರು. ಎರಡನೆಯವರು ತಮ್ಮ ಗಾಡಿಯಿಂದ ಪಂಪು, ನೈಟ್ರೋಜನ್ ಸಿಲಿಂಡರ್ ಮತ್ತು ಮೀಟರನ್ನು ಇಳಿಸಿ ತೋರಿಸಿದರು. ಎ.ಸಿ. ಕೆಲಸವನ್ನು ಅವರಿಗೇ ಕೊಡಲು ಮನೆಯವರೆಲ್ಲ ಒಪ್ಪಿದ್ದೇವೆ. ಲೈನು ಮತ್ತು ಅರ್ಥಿಂಗ್ ವೈರಿಂಗಿನವರ ಪಾಲಿಗಿರುತ್ತದೆ. ಸೋಲಾರಿನವರನ್ನು ಬೇರೆಯಾಗಿ ಕರೆಸಿ ಟ್ಯಾಂಕಿನ ಕಟ್ಟೆಯ ಎತ್ತರ ಗುರುತು ಮಾಡಿಸುತ್ತೇವೆ. ಅಕ್ಕನವರು ಹೇಳಿದಂತೆ ಛತ್ತಿಗೆ ಬಿಳಿಬಣ್ಣವನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ಒಂದು ಸಂದೇಹ ಉಳಿದಿದೆ. ತಾಮ್ರದ ಪೈಪನ್ನು ಈಗಲೇ ಗೋಡೆಯೊಳಗೆ ಹುದುಗಿಸಿ ಗಿಲಾವು ಮಾಡಿಸಿ, ಯಂತ್ರಗಳನ್ನು ಫೆಬ್ರುವರಿಯಲ್ಲಿ ತಂದು ಕೂಡಿಸೋಣ ಎಂದು ಅವರು ಹೇಳುತ್ತಾರೆ. ಅಷ್ಟು ತಿಂಗಳು ಪೈಪು ಗೋಡೆಯಲ್ಲಿ ಖಾಲಿ ಇರುವುದು ಸರಿಯೇ? ಹಣವನ್ನು ಯಾವ ಹಂತದಲ್ಲಿ ಎಷ್ಟು ಕೊಡಬೇಕು?

ಉತ್ತರ: ಎ.ಸಿ. ಮೆಕ್ಯಾನಿಕ್, ಕಲಬುರಗಿ

ಸರಿ, ಆದರೆ ಪೈಪು ಖಾಲಿ ಇರಬಾರದು. ಗೋಡೆಯೊಳಗೆ ಹೋಗುವ ಭಾಗ ಒಂದೇ ಅಖಂಡ ತುಂಡಾಗಿರಬೇಕು, ಒಳಗೆ ಎಲ್ಲಿಯೂ ಕೀಲು ಬರಬಾರದು. ಗ್ಯಾಸು ಹೋಗುವ ಮತ್ತು ಬರುವ ಎರಡೂ ತಾಮ್ರದ ಪೈಪುಗಳಿಗೆ ಬೇರೆ ಬೇರೆ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಇರಲಿ; ಎರಡನ್ನೂ ಒಂದೇ ಕವಚದಲ್ಲಿ ಸುತ್ತಿದರೆ ತಂಪು ವ್ಯರ್ಥವಾಗುತ್ತದೆ. ಪೈಪಿನ ತುದಿಗಳನ್ನು ಬೆಸೆದು ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿ, ಒತ್ತಡದ ಮೀಟರನ್ನು ಹಚ್ಚಿಯೇ ಬಿಡಲು ಹೇಳಿರಿ. ಗಿಲಾವಿನವರು ಮೊಳೆ ಹೊಡೆದರೆ ಅಥವಾ ಉಳಿ ತಾಗಿಸಿದರೆ ಮುಳ್ಳು ಕೆಳಗಿಳಿದು ಅದೇ ದಿನ ಗೊತ್ತಾಗುತ್ತದೆ. ಹಗಲಿನ ಕಾವಿಗೂ ರಾತ್ರಿಯ ತಂಪಿಗೂ ಮುಳ್ಳು ಸ್ವಲ್ಪ ಏರಿಳಿಯುವುದು ಸಹಜ, ಹಾಗಾಗಿ ದಿನದ ಒಂದೇ ಹೊತ್ತಿನಲ್ಲಿ ನೋಡಿ ಹೋಲಿಸಿರಿ. ಗಿಲಾವಿಗೆ ಮುಂಚೆ ಗೋಡೆಯ ಪಕ್ಕ ಟೇಪು ಹಿಡಿದು ಪೈಪಿನ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿರಿ. ಮುಂದೆ ಕಪಾಟು ಕೂಡಿಸುವವರಿಗೆ ಅದನ್ನು ತೋರಿಸಬೇಕಾಗುತ್ತದೆ. ಎ.ಸಿ.ಯ ನೀರು ಹೊರಹೋಗುವ ಪೈಪನ್ನೂ ಇಳಿಜಾರಿನೊಂದಿಗೆ ಈಗಲೇ ಹುದುಗಿಸಿ, ಅಕ್ಕನವರು ಹೇಳಿದ ತಂಬಿಗೆಯ ಪರೀಕ್ಷೆಯನ್ನು ಗಿಲಾವಿಗೆ ಮುಂಚೆ ಒಮ್ಮೆ, ಜೋಡಣೆಯ ನಂತರ ಇನ್ನೊಮ್ಮೆ ಮಾಡಿಸಿರಿ.

ಹಣದಲ್ಲಿ, ಪೈಪಿನ ಸಾಮಾನಿಗೆ ಬೇಕಾದಷ್ಟನ್ನು ಈಗ ಮುಂಗಡ ಕೊಡಿರಿ. ನೈಟ್ರೋಜನ್ ಮುಳ್ಳು ಗಿಲಾವು ಮುಗಿಯುವವರೆಗೆ ನಿಂತರೆ ಪೈಪಿನ ಕೆಲಸದ ಬಾಕಿ ಕೊಡಿರಿ. ಯಂತ್ರದ ಹಣವನ್ನು ಯಂತ್ರ ಮನೆಗೆ ಬಂದು, ಜಿ.ಎಸ್.ಟಿ. ಬಿಲ್ಲಿನಲ್ಲಿ ಅದರ ಕ್ರಮಸಂಖ್ಯೆ ಮತ್ತು ತಮ್ಮ ಹೆಸರು ಸರಿಯಾಗಿ ಇರುವುದನ್ನು ನೋಡಿದ ಮೇಲೆ ಕೊಡಿರಿ. ಕಂಪ್ರೆಸರಿನ ವಾರಂಟಿ ಕೇಳುವಾಗ ಆ ಬಿಲ್ಲೇ ಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎ.ಸಿ.ಯ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆ, ಹಳೆಯ ಕೊಟೇಶನ್ ಇದ್ದರೆ ಹೊಸದಾಗಿ ಬರೆಸಿಕೊಳ್ಳಿರಿ. ಜೋಡಣೆಯ ಹಣದಲ್ಲಿ ಒಂದು ಪಾಲನ್ನು ಮೊದಲ ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಈಗಲೇ ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿರಿ. ಕೆಲಸದ ಮೇಲೆ ನಂಬಿಕೆಯಿರುವವರು ಅದನ್ನು ಬೇಡವೆನ್ನುವುದಿಲ್ಲ. ನಾನೂ ಹಾಗೆಯೇ ಒಪ್ಪಿ ಕೆಲಸ ಮಾಡಿದ್ದೇನೆ. ಜೋಡಣೆಯನ್ನು ಫೆಬ್ರುವರಿಗಿಂತ ಮುಂದಕ್ಕೆ ಹಾಕಬೇಡಿರಿ. ಯುಗಾದಿ ಸಮೀಪಿಸಿದಂತೆ ನಮ್ಮೆಲ್ಲರ ಕೈಯಲ್ಲಿ ಕೆಲಸ ತುಂಬಿಹೋಗಿ, ಅರ್ಧ ದಿನ ಕಾಯಬೇಕಾದ ವ್ಯಾಕ್ಯೂಮ್ ಕೆಲಸಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.